ಕ್ಲಿಪ್ ಹಾಕಿದ ಹಲ್ಲುಗಳ ಹಾಜರಿ

ನಮ್ಮ ಯಜಮಾನರ ಸೋದರತ್ತೆ ತಮ್ಮ ಬಾಯೊಳಗೇ ಒಂದು ಶಾಲೆ ನಡೆಸುತ್ತಿದ್ದರು ಎಂದರೆ ನೀವು ನಂಬಲಿಕ್ಕಿಲ್ಲ. ನಂಬಬೇಕಾದರೆ ಅಂದು ಬೆಳಿಗ್ಗೆ ರಾಣೆಬೆನ್ನೂರಿನ ನಮ್ಮ ಮನೆಯ ಹಿತ್ತಲಿಗೆ ಬರಬೇಕಿತ್ತು. ನಳದ ನೀರು ಬಂದು ಹೋಗಿತ್ತು. ಒಳಗೆ ಚಹಾ ಕುದಿಯುತ್ತಿತ್ತು. ಅತ್ತೆ ಒಗೆಯುವ ಕಲ್ಲಿನ ಮೇಲೆ ಕುಳಿತು, ಒಂದು ಕೈಯಲ್ಲಿ ಕನ್ನಡಿ, ಇನ್ನೊಂದರಲ್ಲಿ ನನ್ನ ಹೊಲಿಗೆ ಯಂತ್ರ ಒರೆಸುವ ಸಣ್ಣ ಬ್ರಷ್ಷು ಹಿಡಿದು, ಎಂದಿನಂತೆ ಹಲ್ಲುಗಳ ಹಾಜರಿ ತೆಗೆದುಕೊಳ್ಳುತ್ತಿದ್ದರು.

"ಮುಂದಿನ ಬೆಂಚಿನವರು ನೆಟ್ಟಗ ನಿಂದರ್ರಿ! ಏ ಕ್ವಾರಿಹಲ್ಲಾ, ನಿನ್ನೆ ತಿಂದ ಮೆಂತೇಪಲ್ಲೆ ಇನ್ನೂ ಕಿಸೇದಾಗ ಇಟಗೊಂಡೀಯೇನಲೇ? ತಗೀ ಹೊರಗ!"

ಅಗಡಿಯ ಕನ್ನಡ ಶಾಲೆಯಲ್ಲಿ ಅಜ್ಜಂದಿರಿಗೂ ಮೊಮ್ಮಕ್ಕಳಿಗೂ ಕಾಗುಣಿತ ತಿದ್ದಿಸಿದವರು ಇವರು. ಮದುವೆಯಾಗಿರಲಿಲ್ಲ. ನಿವೃತ್ತರಾದವರು ಸಾಮಾನ್ಯವಾಗಿ ಏನು ಮಾಡುತ್ತಾರೆ? ಕಾಶಿಗೆ ಹೋಗುತ್ತಾರೆ, ಮೊಣಕಾಲಿಗೆ ಎಣ್ಣೆ ತಿಕ್ಕುತ್ತಾರೆ. ಇವರು ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡರು! ಆ ತೊಂಬತ್ತರ ದಶಕದಲ್ಲಿ ನಮ್ಮ ಊರಿನ ಹುಡುಗಿಯರೇ ಕ್ಲಿಪ್ಪೆಂದರೆ ನಾಚಿ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದರು. ಇವರೋ, ಬಸ್ ಕಂಡಕ್ಟರನಿಗೂ ಬಾಯಿ ತೆರೆದು ತೋರಿಸುತ್ತಿದ್ದರು.

"ಈ ವಯಸ್ಸಿನ್ಯಾಗ ಯಾಕ್ರಿ ಟೀಚರ್?" ಎಂದು ಯಾರೋ ಕೇಳಿದರಂತೆ.

"ಮಕ್ಕಳ್ನ ಸಾಲಾಗಿ ನಿಂದ್ರಸೂದ ನನ್ನ ಕೆಲಸಾಗಿತ್ತು. ಸಾಲಿ ಬಿಡಿಸಿದ್ರು. ಈಗ ಇವನ್ನಷ್ಟ ನಿಂದ್ರಸ್ತೀನಿ."

ಹಲ್ಲಿನ ತಂತಿ ಬಿಗಿ ಮಾಡುವ ಡಾಕ್ಟರು ತಿಂಗಳಿಗೊಮ್ಮೆ ದಾವಣಗೆರೆಯಿಂದ ರಾಣೆಬೆನ್ನೂರಿಗೆ ಬರುತ್ತಿದ್ದರು. ನಡುವೆ ತಂತಿ ಚುಚ್ಚಿದರೆ ಅಗಡಿಯಲ್ಲಿ ನೋಡುವವರು ಯಾರು? ಹಾಗಾಗಿ ಅತ್ತೆ ತಮ್ಮ ಟ್ರಂಕು ಹೊತ್ತು ನಮ್ಮಲ್ಲಿಗೇ ಬಂದರು. "ಹಲ್ಲು ನೆಟ್ಟಗಾಗೂ ತನಕ ಇರ್ತೀನಿ. ಕ್ಲಿಪ್ ತಗದ ದಿನಾನ ಹೊಂಡ್ತೀನಿ. ಯಾರ ಮನಿಯಾಗೂ ನಾ ಹೆಚ್ಚಿಗಿ ಇರಾಕಿ ಅಲ್ಲ" ಎಂದು ಹೊಸ್ತಿಲಲ್ಲೇ ಹೇಳಿಬಿಟ್ಟರು.

ಹೊರಡುವ ಮಾತು ನನಗೆ ಅಂದೇ ಹಿಡಿಸಲಿಲ್ಲ. ಯಜಮಾನರದು ಬೀಜದ ಕಂಪನಿಯ ಕೆಲಸ; ಬಿತ್ತನೆ ಮುಗಿದರೂ ಅವರ ತಿರುಗಾಟ ಮುಗಿಯದು. ಮಗಳು ಧಾರವಾಡದ ಹಾಸ್ಟೆಲಿನಲ್ಲಿ. ಮನೆಯಲ್ಲಿ ನಾನು ಮತ್ತು ರೇಡಿಯೋ. ಅತ್ತೆ ಬರುವ ಮೊದಲು ಕುಕ್ಕರ್ ಸೀಟಿ ಹೊಡೆದರೆ ನಾನು "ಬಂದೆ, ಬಂದೆ" ಎಂದು ಉತ್ತರ ಕೊಡುತ್ತಿದ್ದೆ. ನಗಬೇಡಿ! ಆ ಮನೆಯಲ್ಲಿ ನನ್ನನ್ನು ಕರೆಯುತ್ತಿದ್ದದ್ದು ಅದೊಂದೇ.

ಕ್ಲಿಪ್ಪಿನ ಆರೈಕೆಯಲ್ಲಿ ಅತ್ತೆಯನ್ನು ಮೀರಿಸುವವರಿಲ್ಲ. ಗಟ್ಟಿ ಪದಾರ್ಥ ಕಡಿಯಬಾರದು ಎಂದು ಡಾಕ್ಟರು ಹೇಳಿದ್ದೇ ತಡ, ನಮ್ಮ ಮನೆಯ ಕಡಕ್ ರೊಟ್ಟಿಯ ಗಂಟನ್ನು ಗೋಡೆಯಾಚೆಯ ನೆರೆಯಾಕೆ ಆಪಾ ಅವರ ಮನೆಗೆ ಗಡೀಪಾರು ಮಾಡಿದರು. ಪೇರಲಹಣ್ಣನ್ನು ಮದ್ದಿನ ಗುಳಿಗೆಯಷ್ಟು ಸಣ್ಣದಾಗಿ ಹೆಚ್ಚಿಸಿದರು. ಕಾನ್ವೆಂಟಿನಲ್ಲಿ ನಮ್ಮ ಸಿಸ್ಟರ್ ಬಾಯಿ ಮುಚ್ಚಿ ಅಗಿಯಲು ಕಲಿಸಿದ್ದರು. ಅತ್ತೆಯೋ, ಊಟದ ನಡುನಡುವೆಯೇ ಬಾಯಿ ತೆರೆದು, ಕನ್ನಡಿ ಹಿಡಿದು ತಪಾಸಣೆ ಮಾಡುತ್ತಿದ್ದರು.

ಬಾಯಿಯ ವಿಷಯದಲ್ಲಿ ಇಷ್ಟೆಲ್ಲ ಶಿಸ್ತು, ಖಾರದ ವಿಷಯದಲ್ಲಿ ಮಾತ್ರ ಇಲ್ಲ. ಬ್ಯಾಡಗಿಗೇ ಹೋಗಿ, ಚೀಲದೊಳಗೆ ಮೊಣಕೈವರೆಗೆ ಕೈ ಹಾಕಿ, ಮೆಣಸಿನಕಾಯಿ ಆರಿಸಿ ತಂದರು. ಮುಂದಿನ ಸಲ ಡಾಕ್ಟರು ಬಾಯೊಳಗೆ ಬ್ಯಾಟರಿ ಬಿಟ್ಟು ಬೆಚ್ಚಿಬಿದ್ದರು.

"ಟೀಚರಮ್ಮ, ನಾನು ಹಾಕಿದ್ದು ಬಿಳೀ ರಬ್ಬರ್ ರಿಂಗು. ಇವು ಕೆಂಪು ಹೆಂಗಾದ್ವು?"

"ಬ್ಯಾಡಗಿ ಮೆಣಸಿನಕಾಯಿ ಮುಂದ ನಿಮ್ಮ ರಬ್ಬರ್ ಯಾವ ಲೆಕ್ಕರೀ? ನಮ್ಮ ಸೀರಿ ಸೆರಗ ಉಳದಿಲ್ಲ!"

ಇನ್ನೊಮ್ಮೆ ತಂತಿಯ ತುದಿ ಕೆನ್ನೆಗೆ ಚುಚ್ಚತೊಡಗಿತು. ಹಾಗಾದರೆ ಹಚ್ಚಿಕೊಳ್ಳಿ ಎಂದು ಡಾಕ್ಟರು ಕೊಟ್ಟಿದ್ದ ಮೇಣ ಮುಗಿದಿತ್ತು. ಅತ್ತೆ ಸೀದಾ ದೇವರ ಕೋಣೆಗೆ ಹೋಗಿ, ಕುಂಕುಮ ನಿಲ್ಲಲೆಂದು ಹಣೆಗೆ ಹಚ್ಚಿಕೊಳ್ಳುವ ಮೇಣವನ್ನೇ ತಂತಿಗೆ ಮೆತ್ತಿಕೊಂಡರು. ತುಸು ಕುಂಕುಮವೂ ಸೇರಿಕೊಂಡಿತು. ಮರುದಿನ ನೋಡಿದ ಡಾಕ್ಟರು ರಕ್ತವೆಂದು ಹೆದರಿ ಹತ್ತಿ ಹುಡುಕಿದರು.

"ಅತ್ತೀ, ಅದು ಬಾಯಿಗಲ್ರೀ, ಹಣಿಗೆ ಹಚ್ಚೂದು!" ಎಂದೆ.

"ಹಣಿ, ಬಾಯಿ ಎರಡೂ ಒಂದ ಮುಖದಾಗ ಇಲ್ಲೇನ ಯವ್ವಾ?"

ಅಂದಿನಿಂದ ನಾನು ಆ ಮೇಣದ ಡಬ್ಬಿಯನ್ನು ಮೇಲಿನ ಗೂಡಿಗೆ ಏರಿಸಿಟ್ಟೆ.

ಇಷ್ಟು ಜೋಪಾನ ಮಾಡಿದರೂ ಒಂದು ವಿಚಿತ್ರ ನಡೆಯುತ್ತಲೇ ಇತ್ತು. ಹಲ್ಲಿಗೆ ಅಂಟಿಸಿದ ಆ ಪುಟ್ಟ ಲೋಹದ ತುಣುಕುಗಳಿವೆಯಲ್ಲ, ಕೆಲ ತಿಂಗಳಿಂದ ಡಾಕ್ಟರಲ್ಲಿಗೆ ಹೋಗುವ ಹೊತ್ತಿಗೆ ಸರಿಯಾಗಿ ಅವುಗಳಲ್ಲೊಂದು ಕಿತ್ತುಬಂದಿರುತ್ತಿತ್ತು. ಆ ಹಲ್ಲು ಮತ್ತೆ ಸಾಲು ತಪ್ಪುತ್ತಿತ್ತು. ಕ್ಲಿಪ್ ತೆಗೆಯುವುದು ಮುಂದಕ್ಕೆ ಹೋಗುತ್ತಿತ್ತು.

"ನಿಮ್ಮ ಅಂಟ ಸುಮಾರ ಐತ್ರಿ ಡಾಕ್ಟರ್. ನಮ್ಮ ಸಾಲಿ ಹುಡುಗೂರ ಗೋಂದು ಇದಕಿಂತ ಛಲೋ ಇತ್ತು" ಎಂದು ಅತ್ತೆ ತಿರುಗಿ ಅವರನ್ನೇ ಗದರುತ್ತಿದ್ದರು. ನಾನೋ, ನನ್ನ ರೊಟ್ಟಿಯೇ ಗಟ್ಟಿಯಾಗುತ್ತಿದೆಯೇನೋ ಎಂದು ಹಿಟ್ಟಿಗೆ ಇನ್ನಷ್ಟು ಬಿಸಿನೀರು ಹಾಕಿ ನಾದುತ್ತಿದ್ದೆ.

ಈ ಸಲ ಡಾಕ್ಟರು ಖಡಾಖಂಡಿತ ಹೇಳಿದ್ದರು: ಎಲ್ಲ ತುಣುಕೂ ಗಟ್ಟಿಯಾಗಿದ್ದರೆ ಕ್ಲಿಪ್ ತೆಗೆಯುವುದೇ ಸೈ. ಅದಕ್ಕೇ ಅಂದು ಬೆಳಿಗ್ಗೆ ಟ್ರಂಕು ಬಾಗಿಲ ಬಳಿ ಬಂದು ಕುಳಿತಿತ್ತು. ಅಗಡಿ ಮನೆಯ ಬೀಗದ ಕೈ ಅತ್ತೆಯ ಸೆರಗಿನ ತುದಿಯಲ್ಲಿತ್ತು. ನಾನು ಅಭ್ಯಾಸಬಲದಿಂದ ಎರಡು ಕಪ್ ಚಹಾ ಸೋಸಿದೆ. ನಾಳೆಯಿಂದ ಒಂದೇ ಅಲ್ಲವೇ ಎಂದು ಹೊಳೆದು, ಕಪ್ಪಿನ ಕಿವಿಯನ್ನೇ ನೋಡುತ್ತ ನಿಂತೆ.

ಅತ್ತೆ ಒಳಗೆ ಬಂದವರು ನನ್ನ ಮುಖ ನೋಡಿದರು.

"ನಾ ಹ್ವಾದ ಮ್ಯಾಲ ಯಾರ ಜೋಡಿ ಮಾತಾಡ್ತಿ?"

"ರೇಡಿಯೋ ಐತೆಲ್ರೀ ಅತ್ತೀ."

"ಅದು ನಿನ್ನ ಮಾತ ಕೇಳತೈತೇನು?"

ನಾನು ನಕ್ಕೆ. ಅವರು ನಗಲಿಲ್ಲ, ನಾಲಿಗೆಯಿಂದ ಹಿಂದಿನ ಹಲ್ಲನ್ನು ಮುಟ್ಟಿ ನೋಡಿಕೊಂಡು ಚಹಾ ಕುಡಿದರು.

ಆಟೋದಲ್ಲಿ ಟ್ರಂಕು ನಮ್ಮಿಬ್ಬರ ಕಾಲಿಗೆ ಅಡ್ಡ. ದವಾಖಾನೆಯಿಂದ ಹಾಗೇ, ಅಗಡಿಗೆ ಹೋಗಲು ಹಾವೇರಿ ಬಸ್ಸಿಗೆ ಎಂಬ ಲೆಕ್ಕ. ಡಾಕ್ಟರು ಇಕ್ಕಳ ಹಿಡಿದು ಬಾಯೊಳಗೆ ಬಗ್ಗಿದರು. ಬಗ್ಗಿದವರು ನಿಧಾನವಾಗಿ ಮೇಲೆದ್ದರು.

"ಒಂದಲ್ಲ ಟೀಚರಮ್ಮ, ಈ ಸಲ ಎರಡು ಕಿತ್ತಿದಾವೆ! ಏನ್ ತಿಂತೀರಿ ನೀವು, ಕಲ್ಲಾ?"

"ಇಡ್ಲಿ" ಎಂದರು ಅತ್ತೆ, ಬಾಯಿ ತೆರೆದುಕೊಂಡೇ.

"ಇನ್ನೊಂದಷ್ಟು ತಿಂಗಳು ಇರಲಿ ಹಂಗಾದ್ರೆ."

ನಾನು "ಅಯ್ಯೋ, ಹೌದೇ?" ಎಂದು ಬಹಳ ದುಃಖದಿಂದ ಹೇಳಿದೆ. ಆ ದುಃಖ ಯಾರಿಗಾದರೂ ನಿಜವೆನಿಸಿತೋ ಇಲ್ಲವೋ ಕಾಣೆ. ಹೊರಗೆ ಬಂದು ಆಟೋದವನಿಗೆ ಮನೆಯ ದಾರಿ ಹೇಳುವಾಗ ನನ್ನ ದನಿ ಹಾಡಿನಂತೆ ಏರಿಬಿಟ್ಟಿತ್ತು. ಅತ್ತೆ ಮಾತ್ರ ಅಂಟು, ಡಾಕ್ಟರು, ದಾವಣಗೆರೆ ಎಲ್ಲವನ್ನೂ ದಾರಿಯುದ್ದಕ್ಕೂ ಬೈದರು.

ಸಂಜೆ ಅವರು ಟ್ರಂಕಿನ ಸೀರೆಗಳನ್ನು ಮತ್ತೆ ನನ್ನ ಕಪಾಟಿನಲ್ಲಿ ಜೋಡಿಸುತ್ತಿದ್ದರು. "ಏ ಹಸಿರ ಸೀರಿ, ಸಾಲಿನ್ಯಾಗ ನಿಂದ್ರು" ಎಂಬ ದನಿ ಹಿತ್ತಲವರೆಗೆ ಕೇಳುತ್ತಿತ್ತು. ನಾನು ಒಣಗಿದ ಬಟ್ಟೆ ತೆಗೆಯುತ್ತಿದ್ದೆ. ಗೋಡೆಯಾಚೆಯಿಂದ ಆಪಾ ಕೊತ್ತಂಬರಿ ಸೊಪ್ಪು ಬಿಡಿಸುತ್ತಲೇ ತಲೆ ಎತ್ತಿದರು.

"ಏನ ಬೇಟೀ, ನಿಮ್ಮತ್ತಿ ಹೋಗಲಿಲ್ಲೇನು? ಛಲೋ ಆತ ಬಿಡು. ಅವರಿಗೆ ಕಡಕ್ ರೊಟ್ಟಿ ಅಂದ್ರ ಎಷ್ಟ ಜೀವಾ ಅಂತೀನಿ! ದವಾಖಾನಿಗೆ ಹೋಗೂ ಹಿಂದಿನ ದಿನ ತಪ್ಪದ ನಮ್ಮಲ್ಲಿ ಬಂದು, ಕಟಕಟ ಕಡದು ತಿಂದ ಹೋಗ್ತಾರ. ನಿನ್ನೆ ನಾನು, 'ಸಾರಿನ್ಯಾಗ ನೆನಸಿ ಕೊಡ್ಲೇನ್ರಿ ಟೀಚರ್' ಅಂದ್ರ, 'ಬ್ಯಾಡವಾ, ಗಟ್ಟೀದ ಕೊಡು, ನಮ್ಮ ಹುಡಿಗಿ ಒಬ್ಬಾಕೀನ ಆಗ್ತಾಳ' ಅಂದ್ರು. ಅಲ್ಲ ಬೇಟೀ, ರೊಟ್ಟಿಗೂ ನಿನಗೂ ಏನ ಸಂಬಂಧ?"