ಹಿಟ್ಟುತಿಗಣೆಯೋರು ಬಂದಾರೆ

ನಮ್ಮ ಭಾವನ ಬಾಯಿಂದ ಬಹುವಚನ ಪಡೆಯಬೇಕಾದರೆ ನೀವು ದ್ರಾಕ್ಷಿ ಬಳ್ಳಿಯಾಗಿ ಹುಟ್ಟಿರಬೇಕು. ಅದು ಸಾಧ್ಯವಾಗದಿದ್ದರೆ ಕನಿಷ್ಠಪಕ್ಷ ಆ ಬಳ್ಳಿಯನ್ನು ತಿನ್ನುವ ಹುಳುವಾದರೂ ಆಗಿರಬೇಕು. ಮನುಷ್ಯರಾಗಿ ಹುಟ್ಟಿದವರಿಗೆ ಆ ಭಾಗ್ಯವಿಲ್ಲ. ಎಪ್ಪತ್ತರ ಅಂಚಿನಲ್ಲಿರುವ ನಾನು ಅವರಿಗೆ ಇನ್ನೂ ‘ಲೇ’. ತೋಟ ನೋಡಲು ಜೀಪಿನಲ್ಲಿ ಬಂದ ಅಧಿಕಾರಿ ‘ಏನಪ್ಪಾ’. ನಲವತ್ತೈದು ವರ್ಷ ಸಂಸಾರ ಮಾಡಿದ ನನ್ನ ಅಕ್ಕ ‘ಏಯ್’. ಬಳ್ಳಿಗಳು ಮಾತ್ರ ‘ರೀ’!

ಜಗಳೂರಿನ ಸುತ್ತ ಎಲ್ಲರೂ ಮೆಕ್ಕೆಜೋಳ ಬಿತ್ತುವಾಗ ಈ ಮಹಾನುಭಾವರು ಎರಡು ಎಕರೆಗೆ ಕಲ್ಲುಕಂಬ ನೆಟ್ಟು, ತಂತಿ ಎಳೆದು, ದ್ರಾಕ್ಷಿ ಹಬ್ಬಿಸಿದ್ದಾರೆ. ಅವರ ‘ರೀ’ಗೆ ಊರಿನಲ್ಲಿ ಎರಡು ಕಾರಣ ಹೇಳುತ್ತಾರೆ. ಹಾದಿಯಲ್ಲಿ ಸಿಕ್ಕ ಸಾಧುವೊಬ್ಬರು ಅಪ್ಪಣೆ ಕೊಡಿಸಿದರೆಂದು ಕೆಲವರು. ಒಮ್ಮೆ ಬೈದದ್ದಕ್ಕೆ ಬಳ್ಳಿಯೊಂದು ಒಣಗಿಹೋಯಿತೆಂದು ಕೆಲವರು. ಎರಡೂ ಹೇಳಲು ಚೆನ್ನಾಗಿವೆ. ಆದ್ದರಿಂದಲೇ ನಾನು ಎರಡನ್ನೂ ನಂಬುವುದಿಲ್ಲ. ಕಣ್ಣಾರೆ ಪರೀಕ್ಷಿಸಲು ಕಳೆದ ವರ್ಷ ಅಕ್ಟೋಬರಿನಲ್ಲಿ ಒಂದು ನೋಟ್‌ಬುಕ್ಕು ಹಿಡಿದು ಚನ್ನಗಿರಿಯಿಂದ ಬಸ್ಸು ಹತ್ತಿದೆ.

ಇಳಿದ ದಿನವೇ ಮನೆಯಲ್ಲಿ ತೀರ್ಪು ಹೊರಬಿದ್ದಿತ್ತು. ಎರಡು ವರ್ಷ ಸತತವಾಗಿ ಹೂವಿನ ಹೊತ್ತಿಗೆ ಮೋಡ ಕವಿದು ಗೊನೆಗಳು ಕಪ್ಪಾಗಿದ್ದವು. ಅಕ್ಕ ನನ್ನ ಮುಂದೆಯೇ ಹೇಳಿದಳು: “ಈ ವರ್ಷಾನೂ ಹಿಂಗೇ ಆದ್ರೆ ಬುಡಸಮೇತ ಕೀಳಿಸಿ ಜೋಳ ಹಾಕ್ಸೋದೇ. ನೀನೇ ಸಾಕ್ಷಿ ಕಣೋ.”

ಭಾವ ಕಿಟಕಿಯಾಚೆಗಿನ ತೋಟದ ಕಡೆ ತಿರುಗಿ, “ಕೇಳಿಸ್ತೇನ್ರಿ?” ಎಂದರು.

ಮರುದಿನ ಕಡ್ಡಿ ಕತ್ತರಿಸುವ ಕೆಲಸ. ಹಳೆಯ ಕಡ್ಡಿಯನ್ನು ಚಿಗುರೊಡೆಯುವ ಕಣ್ಣುಗಳನ್ನು ಇಂತಿಷ್ಟೇ ಉಳಿಸಿ ಕತ್ತರಿಸಿದರಷ್ಟೇ ಹೊಸ ಚಿಗುರಿನಲ್ಲಿ ಗೊನೆ ಬರುತ್ತದೆ. ಪ್ರತಿ ಬಳ್ಳಿಯ ಮುಂದೆಯೂ ಭಾವ ನಿಂತು, “ಒಂದೀಟು ನೋವಾಗ್ತೈತೆ, ತಡ್ಕಳ್ರಿ” ಎಂದು ಹೇಳಿಯೇ ಕತ್ತರಿ ಹಾಕುತ್ತಿದ್ದರು.

“ಭಾವ, ಬಳ್ಳಿಗೆ ಕಿವಿ ಎಲ್ಲೈತೆ?” ಎಂದು ಕೇಳಿದೆ.

“ನಿನಗೆ ಎರಡದಾವಲ್ಲ, ಇಷ್ಟು ವರ್ಷ ಏನು ಕೇಳಿಸ್ಕಂಡೆ?”

ಈ ಉತ್ತರವನ್ನು ನಾನು ನೋಟ್‌ಬುಕ್ಕಿನಲ್ಲಿ ದಾಖಲಿಸಲಿಲ್ಲ.

ಚಿಗುರು ಮೊಳಕೈಯುದ್ದ ಬೆಳೆದ ಮೇಲೆ ಒಂದು ಬೆಳಿಗ್ಗೆ ತೋಟದಿಂದ ಕೂಗು ಕೇಳಿಸಿತು: “ಹಿಟ್ಟುತಿಗಣೆಯೋರು ಬಂದಾರೆ!” ಹಿಟ್ಟಿನ ಗಿರಣಿಯವರು ಬಂದಿದ್ದಾರೆಂದು ತಿಳಿದ ನಾನು ಮರ್ಯಾದೆಗೆ ಅಂಗಿ ತೊಟ್ಟು ಹೊರಗೆ ಓಡಿದೆ. ನೋಡಿದರೆ ಭಾವ ಬಳ್ಳಿಯ ಸಡಿಲ ತೊಗಟೆಯನ್ನು ಸುಲಿದು, ಅದರ ಕೆಳಗೆ ಹಿಟ್ಟು ಮೆತ್ತಿಕೊಂಡಂತೆ ಕುಳಿತಿದ್ದ ಬಿಳಿಯ ಹುಳುಗಳನ್ನು ಬ್ರಷ್ಷಿನಿಂದ ಸೋಪಿನ ನೀರಿಗೆ ತಳ್ಳುತ್ತಿದ್ದರು. ಪ್ರತಿಯೊಂದಕ್ಕೂ “ದಯಮಾಡಿಸ್ರಿ” ಎಂಬ ಸ್ವಾಗತ ಬೇರೆ! ಇಷ್ಟು ಮರ್ಯಾದೆಯಿಂದ ಯಾರನ್ನಾದರೂ ಕೊಲ್ಲುವುದನ್ನು ನಾನು ನೋಡಿರಲಿಲ್ಲ.

ಅವರು ಎಲ್ಲ ಬಳ್ಳಿಗಳ ತೊಗಟೆಯನ್ನೂ ಸುಲಿಯುತ್ತಿರಲಿಲ್ಲ. ಕೆಲವನ್ನು ದಾಟಿ ಹೋಗಿ, ಕೆಲವುಗಳ ಮುಂದೆ ನಿಲ್ಲುತ್ತಿದ್ದರು. ಇದು ನಟನೆ ಎಂದು ನನಗೆ ಅನುಮಾನ. ಅವರು ಊಟಕ್ಕೆ ಹೋದಾಗ, ದಾಟಿ ಹೋದ ಬಳ್ಳಿಗಳ ತೊಗಟೆಯನ್ನು ಕದ್ದು ಸುಲಿದು ನೋಡಿದೆ. ಒಂದರಲ್ಲೂ ಹುಳುವಿಲ್ಲ. ಸಂಜೆ ಗುಟ್ಟು ಕೇಳಿದರೆ, “ಇರುವೆಯೋರ ಸಾಲು ನೋಡ್ಬೇಕು ಕಣಲೇ. ಅವರೇ ಇವರನ್ನ ಹೊತ್ಕಂಡು ಮ್ಯಾಲೆ ಹತ್ತೋದು. ಅದಿರ್ಲಿ, ಮಧ್ಯಾಹ್ನ ತೊಗಟೆ ಕಿತ್ತೋನು ಯಾರು?” ಎಂದರು.

ಹವಾಮಾನದ ವಿಷಯದಲ್ಲೂ ಅವರದು ಬೇರೆಯದೇ ಶಾಸ್ತ್ರ. ಸಂಜೆ ತಂತಿಗಳ ಮೇಲೆ ಬಿಳಿಯ ಪಂಚೆಯ ತುಂಡುಗಳನ್ನು ಹರವಿ, ಬೆಳಿಗ್ಗೆ ಹಿಂಡಿ ನೋಡುತ್ತಾರೆ. ಇಬ್ಬನಿ ಎಷ್ಟು ಇಳಿಯಿತೋ ಅದರ ಮೇಲೆ ಔಷಧಿ ಹೊಡೆಯುವ ತೀರ್ಮಾನ. ಮೊಬೈಲು ತೋರಿಸಿ, ನಾಳೆಗೆ ಮೋಡವಿಲ್ಲವೆಂದು ಓದಿ ಹೇಳಿದೆ.

“ಅದು ಎಲ್ಲಿಂದ ನೋಡ್ತೈತೆ?”

“ಆಕಾಶದಿಂದ.”

“ರೋಗ ಹಿಡಿಯೋದು ಎಲೆ ಅಡಿಗೆ. ಮ್ಯಾಲಿಂದ ಹೆಂಗೆ ಕಾಣ್ತೈತೆ?”

ಮಾರನೆಯ ದಿನ ಮೋಡ ಬಂತು. ಅದರ ಮಾರನೆಯ ದಿನವೂ. ಹೂ ಬಿಚ್ಚಲು ಇನ್ನು ನಾಲ್ಕೇ ದಿನ. ಜಿನುಗುವ ಮಳೆಯಲ್ಲಿ ಸಾಲು ಸಾಲು ತಿರುಗಿದ ಭಾವ ಜ್ವರ ಬಂದು ಹಾಸಿಗೆ ಹಿಡಿದರು. ಮೂರನೆಯ ಬೆಳಿಗ್ಗೆ ಪಂಚೆಯ ತುಂಡುಗಳಿಂದ ನೀರು ಧಾರೆಯಾಗಿ ಇಳಿಯಿತು. ಆದರೆ ಮಳೆ ಬಿಡುವು ಕೊಟ್ಟಿತ್ತು; ಔಷಧಿ ಹೊಡೆದರೆ ಆಗಲೇ ಹೊಡೆಯಬೇಕು.

ನಾನು ಜೊತೆಗೆ ತಂದಿದ್ದ ಕೃಷಿ ಪುಸ್ತಕದ ಅಳತೆಯಂತೆ ಮೈಲುತುತ್ತವನ್ನೂ ಸುಣ್ಣವನ್ನೂ ನೀರಿನಲ್ಲಿ ಕದಡಿ ಬೆರೆಸಿದೆ. “ಕುಡುಗೋಲು ಅದ್ದಿ ನೋಡು” ಎಂದು ಹಾಸಿಗೆಯಿಂದ ಭಾವ ಗೊಣಗಿದರು. ಅದ್ದಿ ತೆಗೆದರೆ ಕುಡುಗೋಲಿನ ಮೇಲೆ ತಾಮ್ರದ ಕೆಂಪು! ಅಂದರೆ ಸುಣ್ಣ ಸಾಲದು, ಹಾಗೆಯೇ ಹೊಡೆದಿದ್ದರೆ ಎಲೆ ಸುಟ್ಟುಹೋಗುತ್ತಿತ್ತು.

“ಸುಣ್ಣ ಹಳೇದು ಕಣಲೇ. ನಿನ್ನ ಪುಸ್ತಕದಾಗೆ ಸುಣ್ಣಕ್ಕೆ ವಯಸ್ಸಾಗಲ್ವಾ?”

ಕುಡುಗೋಲು ಬೆಳ್ಳಗೇ ಉಳಿಯುವವರೆಗೆ ಸುಣ್ಣ ಸೇರಿಸಿದೆ. ಪಂಪನ್ನು ಬೆನ್ನಿಗೇರಿಸಿಕೊಂಡವಳು ಅಕ್ಕ. ಬಳ್ಳಿ ಕೀಳಿಸುತ್ತೇನೆಂದು ಸಾಕ್ಷಿ ಸಮೇತ ಘೋಷಿಸಿದ್ದ ಅದೇ ಅಕ್ಕ. ಸ್ವಲ್ಪ ಹೊತ್ತಿನ ಮೇಲೆ ಪಂಪಿನ ಸದ್ದು ನಿಂತಿತು. ಏನಾಯಿತೋ ಎಂದು ಸಾಲಿನೊಳಗೆ ಹೋದೆ. ಅಕ್ಕ ಬಳ್ಳಿಯೊಂದರ ಎಲೆಯನ್ನು ಮಗುಚಿ ಹಿಡಿದು, ತಗ್ಗಿದ ದನಿಯಲ್ಲಿ ಹೇಳುತ್ತಿದ್ದಳು: “ಒಂದೀಟು ತಡ್ಕಳ್ರಿ. ಅವರು ಏಳಾಕೆ ಇನ್ನೂ ಎರಡು ದಿನ ಆಗ್ತೈತೆ. ಅಲ್ಲೀತನಕ ನಾನಿದೀನಿ.”

ನನ್ನನ್ನು ಕಂಡವಳೇ, “ಏನು ನೋಡ್ತೀಯ? ಹೋಗಿ ಔಷಧಿ ತಾ” ಎಂದು ಗದರಿಸಿದಳು. ಸಾಕ್ಷಿಯಾಗಿದ್ದ ನಾನು ತೆಪ್ಪಗೆ ಹಿಂದಿರುಗಿದೆ.

ಮುಂದೆ ಹಳ್ಳದ ಬದಿಯ ಸಾಲುಗಳಲ್ಲಿ ಗೊನೆಗಳು ಕಪ್ಪಾದವು. ಉಳಿದೆಲ್ಲ ಕಾಯಿ ಕಟ್ಟಿದವು. ಬಳ್ಳಿಗಳು ಇಂದಿಗೂ ಅಲ್ಲಿಯೇ ಇವೆ. ‘ರೀ’ಯ ಮೂಲ ಮಾತ್ರ ನನಗೆ ಪತ್ತೆಯಾಗಲಿಲ್ಲ, ನೋಟ್‌ಬುಕ್ಕಿನ ಕೊನೆಯ ಪುಟ ಖಾಲಿ ಉಳಿದಿದೆ. ಅಲ್ಲಿ ಬರೆಯಬೇಕಾದ ಒಂದು ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ.

ಅಂದು ಮಧ್ಯಾಹ್ನ ಕೊನೆಯ ಪಂಪು ಮುಗಿಸಿ ಅಕ್ಕ ಒಳಗೆ ಬಂದು, ಗಂಡನ ಹಾಸಿಗೆಯ ಪಕ್ಕ ನಿಂತಳು. ಮೊಳಕೈವರೆಗೂ ಮೈಲುತುತ್ತದ ನೀಲಿ. ಭಾವ ಕಣ್ಣು ತೆರೆದು ಆ ಕೈಗಳನ್ನು ಬಹಳ ಹೊತ್ತು ನೋಡಿ, ಮೆಲ್ಲಗೆ ಅಂದರು:

“ಕೈ ತೊಳ್ಕಳ್ರಿ.”

ಯಾರೋ ಬಂದರೆಂದು ಅಕ್ಕ ಹಿಂದಕ್ಕೆ ತಿರುಗಿ ನೋಡಿದಳು. ಬಾಗಿಲಲ್ಲಿ ಯಾರೂ ಇರಲಿಲ್ಲ.