ಲಕ್ಷ ಬತ್ತಿಯ ಚೌಕ

ಕೆಲವರಿಗೆ ನಶ್ಯದ ಚಟ, ಕೆಲವರಿಗೆ ಊರ ಉಸಾಬರಿಯ ಚಟ. ನನಗೆ ಸಂಖ್ಯೆಗಳನ್ನು ಕೆದಕುವ ಚಟ. ಬಟ್ಟೆ ಅಂಗಡಿಯವನಿಗೆ ಮೀಟರು, ಮೊಳ ಗೊತ್ತಿದ್ದರೆ ಸಾಕು, ನಿಜ. ಆದರೂ ದೊಡ್ಡ ಸಂಖ್ಯೆಯೊಂದು ಕಣ್ಣಿಗೆ ಬಿದ್ದರೆ ಅದು ಯಾವುದರಿಂದ ಭಾಗವಾಗುತ್ತದೆಂದು ನೋಡದೆ ಸಮಾಧಾನವಿಲ್ಲ. ಪಾವಗಡದಿಂದ ಬರುವಾಗ ಮುಂದಿನ ಲಾರಿಯ ಸಂಖ್ಯೆಯನ್ನು ಏಳರಿಂದ ಭಾಗಿಸುತ್ತ, ಮಧುಗಿರಿಯಲ್ಲಿ ಇಳಿಯಬೇಕಾದವನು ಕೊರಟಗೆರೆಯಲ್ಲಿ ಇಳಿದದ್ದೂ ಉಂಟು.

ಈ ಸಲ ಮನೆಗೇ ಲಕ್ಷ ಬಂತು. ಹಣವಲ್ಲ, ಬತ್ತಿ. ನನ್ನ ಹೆಂಡತಿ ಗಿರಿಜೆ ಲಕ್ಷ ಬತ್ತಿಯ ಹರಕೆ ಹೊತ್ತು, ಪಕ್ಕದ ಮನೆಯ ಸಿದ್ದಮ್ಮನವರ ಜೊತೆ ತಿಂಗಳುಗಟ್ಟಲೆ ಹತ್ತಿ ಹೊಸೆದಳು. ಕಾರ್ತಿಕ ಸೋಮವಾರ ಹಚ್ಚುವುದೆಂದಾಯಿತು. ರಾಶಿ ಹಾಕುವ ಬದಲು ತಗಡಿನ ಮೇಲೆ ಸಾಲುಸಾಲಾಗಿ ಜೋಡಿಸಿ, ನಾಲ್ಕೂ ಕಡೆ ಸಮನಾದ ಚೌಕ ಮಾಡಿಕೊಡುತ್ತೇನೆಂದು ಯಾರೂ ಕೇಳದೆಯೇ ಮಾತು ಕೊಟ್ಟೆ. ಗಿರಿಜೆ ಅದನ್ನು ಆಗಲೇ ಪಾವಗಡದ ಅಕ್ಕನಿಗೆ ಫೋನಿನಲ್ಲಿ ಹೇಳಿಬಿಟ್ಟಳು. "ಒಂದು ಬತ್ತೀನೂ ಮಿಗಬಾರ್ದು ಕಣ್ರೀ. ಅಕ್ಕನ ಮುಂದೆ ನನ್ ಮರ್ಯಾದೆ ಉಳಿಸಿ" ಎಂದಳು.

ಲೆಕ್ಕಕ್ಕೆ ಕುಳಿತೆ. ನೂರಾದರೆ ಹತ್ತು ಸಾಲು, ಸಾಲಿಗೆ ಹತ್ತು. ಹತ್ತು ಸಾವಿರವಾದರೆ ನೂರು ಸಾಲು, ಸಾಲಿಗೆ ನೂರು. ಹತ್ತು ಲಕ್ಷಕ್ಕೂ ಸಾವಿರ ಸಾಲಿನ ಚೌಕ ಸಲೀಸು. ನಡುವಿನ ಈ ಲಕ್ಷ ಮಾತ್ರ ಜಪ್ಪಯ್ಯ ಅಂದರೂ ಚೌಕಕ್ಕೆ ಕೂರುವುದಿಲ್ಲ! ಒಂದರ ಮುಂದಿನ ಸೊನ್ನೆಗಳು ಬೆಸವಾದರೆ ಹೀಗೇ ಎಂದು ಆಗ ತಿಳಿಯಿತು. ಮುನ್ನೂರ ಹದಿನಾರು ಸಾಲು, ಸಾಲಿಗೆ ಮುನ್ನೂರ ಹದಿನಾರರಂತೆ ಇಟ್ಟರೂ ನೂರ ನಲವತ್ತನಾಲ್ಕು ಮಿಗುತ್ತದೆ. ತಲೆ ಚಚ್ಚಿಕೊಳ್ಳಬೇಕು, ಅಷ್ಟರಲ್ಲಿ ಹೊಳೆಯಿತು: ಹನ್ನೆರಡು ಹನ್ನೆರಡ್ಲ ನೂರ ನಲವತ್ತನಾಲ್ಕು! ಮಿಕ್ಕದ್ದೂ ಚೌಕವೇ. ಈಶ್ವರನೆದುರು ಬಸವಣ್ಣ ಕೂತಂತೆ ದೊಡ್ಡ ಚೌಕದೆದುರು ಪುಟ್ಟ ಚೌಕ. ಖುಷಿಗೆ ಒಬ್ಬನೇ ನಕ್ಕೆ.

ಹಿತ್ತಲಿಗೆ ಓಡಿ ಇಬ್ಬರಿಗೂ ಹೇಳಿದೆ. ಸಿದ್ದಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದರು. "ಲಕ್ಷ ಎಣಿಸ್ದೋರ್ ಯಾರು ಸಾವ್ಕಾರ್ರೇ? ಸಾವ್ರ ಎಣಿಸಿ ತೂಕ ನೋಡ್ಕಂಡು, ಉಳಿದಿದ್ದೆಲ್ಲ ತಕ್ಕಡೀಲೇ ಹಾಕ್ಬುಟ್ವಿ. ಕಮ್ಮಿ ಬಿದ್ದಾತು ಅಂತ ಮ್ಯಾಲೊಂದು ಹಿಡಿ ಬ್ಯಾರೆ ಹಾಕಿವ್ನಿ."

"ಇದನ್ನ ದೇವರು ಒಪ್ತಾನಾ?" ಎಂದೆ.

"ದ್ಯಾವ್ರು ಒಪ್ತಾನೆ ಬುಡಿ. ನಿಮ್ ಚೌಕನೇ ಒಪ್ಪಾಕಿಲ್ಲ."

ಗಿರಿಜೆ ಮಾತ್ರ ನಗಲಿಲ್ಲ. "ನಾಳೆ ಅಕ್ಕ ಬರ್ತಾಳೆ. ಚೌಕ ಅಂದೋರು ನೀವು, ಎಣಿಸೋರೂ ನೀವೇ."

ಶಿವನಿಗೆ ತೂಕ ಸಾಕು. ಕರಾರುವಾಕ್ಕಾಗಿ ಲಕ್ಷವೇ ಬೇಕಾದವನು ಊರಿಗೆಲ್ಲ ನಾನೊಬ್ಬನೇ. ಅಂಗಡಿಗೆ ಬೀಗ ಹಾಕಿ, ನಡುಮನೆಯಲ್ಲಿ ಚಕ್ಕಳಮಕ್ಕಳ ಹಾಕಿ ಎಣಿಸತೊಡಗಿದೆ. ಹನ್ನೊಂದು ಸಾವಿರ ದಾಟಿತ್ತು. ಪಾಪ, ಗಿರಿಜೆಗೆ ಕನಿಕರ ಹುಟ್ಟಿ, "ರೀ, ಕಾಫಿ ಎಷ್ಟು ಕೊಡ್ಲಿ?" ಎಂದಳು.

"ಅರ್ಧ ಲೋಟ" ಎಂದೆ. ಆಮೇಲೆ ಮತ್ತೆ ಒಂದರಿಂದ ಶುರು ಮಾಡಿದೆ.