ಎಂಟು ತಿಂಗಳು ಬಾಯಿ ಬಿಡದ ನಮ್ಮ ಮನೆಯ ಕಂಪ್ಯೂಟರಿಗೆ

ಮಾನ್ಯರೇ,

ಈಗ ಸಂಜೆ ಐದೂಮುಕ್ಕಾಲು. ಬೆಳಿಗ್ಗೆ ಮೆಣಸಿನ ಬಳ್ಳಿ ಕಟ್ಟಿದ್ದು, ಮಧ್ಯಾಹ್ನ ಉಪ್ಪಿಟ್ಟು ಸೀದದ್ದು, ಮೂರು ಗಂಟೆಗೆ ತಾವು ಕಣ್ಣು ತೆರೆದದ್ದು, ಇವಿಷ್ಟು ಇಂದಿನ ವಿಶೇಷ. ಅಮ್ಮತ್ತಿ ಸಮೀಪದ ಎರಡೆಕರೆ ಕಾಫಿ ತೋಟದವನೂ, ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದು ನಿವೃತ್ತನಾದವನೂ, ಎಸ್ಸೆಸ್ಸೆಲ್ಸಿಯವರೆಗೆ ಮಾತ್ರ ಓದಿದವನೂ ಆದ ನಾನು, ತಮ್ಮ ಸನ್ನಿಧಿಗೆ ಗೌರವಪೂರ್ವಕವಾಗಿ ನಮಸ್ಕರಿಸಿ, ನಾಲ್ಕು ಜನರೂ ಓದಲೆಂದು ಬಹಿರಂಗವಾಗಿಯೇ ಈ ದೂರನ್ನು ಅರಿಕೆ ಮಾಡಿಕೊಳ್ಳುತ್ತೇನೆ.

ನನ್ನ ಪತ್ನಿ ಯಮುನ ತೀರಿಕೊಂಡು ಎಂಟು ತಿಂಗಳಾಯಿತು. ಹನ್ನೊಂದನೆಯ ದಿನದ ಕಾರ್ಯ ಮುಗಿಸಿ ಬಂದು ತಮ್ಮ ಗುಂಡಿ ಒತ್ತಿದಾಗ, ತಾವು ಮುಖ ಕಪ್ಪಾಗಿಸಿಕೊಂಡು, ಒಳಗೆ ಏನೂ ಸಿಗುತ್ತಿಲ್ಲವೆಂಬರ್ಥದ ಒಂದು ಸಾಲು ಇಂಗ್ಲಿಷ್ ತೋರಿಸಿ ಸುಮ್ಮನಾದಿರಿ. ನೆಂಟರು ಮಾರನೆಯ ದಿನವೇ ಕೋಳಿ ಸಾರು ಕೇಳಿದರು; ನಾನೂ ತಿಂಗಳೊಳಗೆ ಗಡ್ಡ ತೆಗೆಸಿದೆ. ತಾವು ಮಾತ್ರ ಎಂಟು ತಿಂಗಳು ಸೂತಕ ಹಿಡಿದಿರಿ. ಇಂಥ ನಿಷ್ಠೆಯ ಮುಂದೆ ಗಂಡನಾದ ನನಗೆ ನಾಚಿಕೆಯಾದದ್ದು ನಿಜ.

ಆದರೆ ಮಾನ್ಯರೇ, ತಮ್ಮೊಳಗೆ ಇದ್ದದ್ದು ಇಪ್ಪತ್ತೆರಡು ವರ್ಷದ ಮಳೆ. ದಿನಕ್ಕೆ ಎಷ್ಟು ಇಂಚು, ಇಂಚಿನ ನೂರನೇ ಒಂದು ಪಾಲಾದ ಸೆಂಟು ಎಷ್ಟು ಎಂದು ಯಮುನ ತಪ್ಪದೆ ಅಳೆದು ಬರೆದ ದಾಖಲೆ. ಕಾಫಿ ಗಿಡ ಹೂ ಬಿಡಲು ಬೇಕಾದ ಹೂಮಳೆ ಬೀಳುವ ಕಾಲದಲ್ಲಿ ಅಕ್ಕಪಕ್ಕದ ತೋಟದವರು ಫೋನ್ ಮಾಡಿ, "ಯಮುನಕ್ಕ, ನಿಮ್ಮಲ್ಲಿ ಎಷ್ಟು ಸೆಂಟು?" ಎಂದು ಕೇಳಿ, ತಂತಮ್ಮಲ್ಲಿ ಎರಡು ಸೆಂಟು ಹೆಚ್ಚಿದ್ದರೆ ವಾರವಿಡೀ ಎದೆಯುಬ್ಬಿಸಿ ತಿರುಗುತ್ತಿದ್ದರು. ಅದನ್ನೆಲ್ಲ ಅವಳು ಎರಡು ಬೇಸಿಗೆ ಕೂತು ತಮಗೆ ತುಂಬಿಸಿದ ಮೇಲೆ, ಇನ್ನು ಕಂಪ್ಯೂಟರಿನಲ್ಲಿ ಭದ್ರವಾಗಿದೆಯಲ್ಲ ಎಂಬ ಧೈರ್ಯದಿಂದ ಹಳೆಯ ನೋಟ್ ಪುಸ್ತಕಗಳನ್ನು ಬಚ್ಚಲ ಒಲೆಗೆ ಹಾಕಿದವನು ನಾನೇ. ಹೀಗಾಗಿ ಅವಳ ಆ ಕೆಲಸವೆಲ್ಲ ಲೋಕದಲ್ಲಿ ತಮ್ಮ ಹೊಟ್ಟೆಯೊಂದರಲ್ಲೇ ಉಳಿದಿತ್ತು.

ತಮ್ಮನ್ನು ಗೋಣಿಚೀಲದಲ್ಲಿ ಸುತ್ತಿ ಆಟೋದಲ್ಲಿ ರಿಪೇರಿ ಅಂಗಡಿಗೆ ಒಯ್ದೆ. ಅಲ್ಲಿನ ನಂದೀಶ್ ತಮ್ಮ ಮುಖವನ್ನೂ ಸರಿಯಾಗಿ ನೋಡದೆ, "ಫಾರ್ಮ್ಯಾಟ್ ಹೊಡ್ದುಬಿಡೋಣ ಅಂಕಲ್, ಎಲ್ಲ ಅಳ್ಸಿ ಹೊಸದು ಮಾಡ್ಕೊಡ್ತೀನಿ," ಎಂದ. ಒಳಗಿರುವ ಮಳೆ ಏನಾಗುತ್ತದೆ ಎಂದು ಕೇಳಿದರೆ, "ಮಳೆ ಮುಂದಿನ್ ವರ್ಷಾನೂ ಬರುತ್ತಲ್ಲ ಅಂಕಲ್," ಎಂದು ನಕ್ಕ. ಪ್ರಿಂಟರ್ ಕೆಟ್ಟಿತೆಂದು ಹೋದವರಿಗೂ ಅವನು ಇದೇ ಔಷಧಿ ಕೊಟ್ಟಿದ್ದನಂತೆ. ತಮ್ಮನ್ನು ಮತ್ತೆ ಗೋಣಿಗೆ ಸೇರಿಸಿ ಮನೆಗೆ ತಂದೆ.

ಇಂದು ಪಂಚಾಯಿತಿ ಗ್ರಂಥಾಲಯದ ಕಾವ್ಯಶ್ರೀ ಒಂದು ಡಿಸ್ಕ್ ಹಿಡಿದು ಬಂದರು. ಕಂಪ್ಯೂಟರನ್ನು ಎಬ್ಬಿಸಿ ನಡೆಸುವ ವ್ಯವಸ್ಥೆಯೆಲ್ಲ ಅದರಲ್ಲೇ ಇರುತ್ತದಂತೆ, ಲೈವ್ ಡಿಸ್ಕ್ ಎನ್ನುತ್ತಾರಂತೆ. ಡಿಸ್ಕ್ ಇಡುವ ತಮ್ಮ ತಟ್ಟೆ ಅಂಟಿಕೊಂಡಿದ್ದರಿಂದ ಸೇಫ್ಟಿ ಪಿನ್ನು ಚುಚ್ಚಿ ಹೊರಗೆಳೆಯಬೇಕಾಯಿತು, ಕ್ಷಮೆಯಿರಲಿ. "ಗಾಬರಿ ಬೇಡಿ ಸಣ್ಣಸ್ವಾಮಣ್ಣ, ಇದನ್ನ ಒಳಗೆ ಇಳಿಸೋದೇ ಇಲ್ಲ, ಡಿಸ್ಕಿಂದ್ಲೇ ಓಡುತ್ತೆ. ತೆಗೆದ್ರೆ ಬಂದು ಹೋದ ಗುರ್ತೂ ಇರಲ್ಲ," ಎಂದರು. ನಾಲ್ಕು ನಿಮಿಷ ಗರಗರ ಎಂದು ತಾವು ಎದ್ದು ಕೂತಿರಿ. ಕೀಲಿಮಣೆ ಸರಿ, ಪರದೆ ಸರಿ, ಸದ್ದೂ ಸರಿ. ಕೆಟ್ಟಿದ್ದದ್ದು ತಮ್ಮನ್ನು ಎಬ್ಬಿಸುವ ಒಂದೆರಡು ಫೈಲು ಮಾತ್ರವಂತೆ. ಯಮುನಳ ಮಳೆ ಒಂದು ಹನಿಯೂ ಚೆಲ್ಲದೆ ಹಾಗೇ ಇತ್ತು, ಕಾಫಿ ಆರುವುದರೊಳಗೆ ಪೆನ್ ಡ್ರೈವಿಗೂ ಇಳಿಯಿತು. ಅಷ್ಟನ್ನೂ ಹೊಟ್ಟೆಯಲ್ಲಿಟ್ಟುಕೊಂಡು ಏನೂ ಇಲ್ಲವೆಂದು ಎಂಟು ತಿಂಗಳು ಸಾಧಿಸಿದ ತಮ್ಮ ಸತ್ಯಸಂಧತೆಗೆ ಗ್ರಾಮಸಭೆಯಲ್ಲಿ ಶಾಲು ಹೊದಿಸಬೇಕು.

ಇನ್ನು ನಿಜವಾದ ದೂರು. ಮಳೆಯ ಪಕ್ಕದಲ್ಲಿ ಷರಾ ಎಂಬ ಒಂದು ಕಾಲಂ ಇದೆ. ಇಷ್ಟು ವರ್ಷ ನಾನು ಅದನ್ನು ಓದಿರಲಿಲ್ಲ. "ಮೂರು ಇಂಚು ನಲವತ್ತು ಸೆಂಟು. ಇವರು ಕೊಡೆ ಬಸ್ಸಿನಲ್ಲಿ ಬಿಟ್ಟು ಬಂದರು. ಇದು ಐದನೆಯದು." "ಎಂಬತ್ತು ಸೆಂಟು. ಹೂವಿಗೆ ಸಾಕು. ಇವರು ಖುಷಿಯಲ್ಲಿ ಹಾಡಿದರು. ನಾಯಿ ಎದ್ದು ಹೊರಗೆ ಹೋಯಿತು." "ಮಳೆ ಇಲ್ಲ. ಪುಸ್ತಕಗಳನ್ನು ಒಲೆಗೆ ಹಾಕಿದ್ದಾರೆ, ನನ್ನನ್ನು ಕೇಳಲಿಲ್ಲ. ನೀರು ಚೆನ್ನಾಗಿ ಕಾದಿತ್ತು." ಇಂಥವನ್ನು ಒಂದೂ ಬಿಡದೆ ಜೋಪಾನ ಮಾಡಿದ ತಾವು, ಪರರ ಎದುರಿಗೆ ಬಿಚ್ಚಿಟ್ಟದ್ದು ನ್ಯಾಯವೇ? ಕಾವ್ಯಶ್ರೀ ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ಹೋಗಿ ನಕ್ಕರು. ನಾನೂ ನಕ್ಕೆ. ಆಮೇಲೆ ಒಲೆಯ ಸಾಲನ್ನು ಇನ್ನೊಮ್ಮೆ ಓದಿದೆ.

ಆದಕಾರಣ ತಾವು ದಯಮಾಡಿ ತಮ್ಮನ್ನು ತಯಾರಿಸಿದವರಿಗೆ ಶಿಫಾರಸು ಮಾಡಿ, ಈ ಡಿಸ್ಕು ಮನುಷ್ಯರಿಗೂ ಹೊಂದುವಂತೆ ಮಾಡಿಸಿಕೊಡಬೇಕು. ಕಚೇರಿಯ ಗುಮಾಸ್ತರಿಗೆ ಒಂದು ಬೆಳಿಗ್ಗೆ ಹಾಕಿ ಕೆಲಸ ಮಾಡಿಸಿಕೊಳ್ಳಬಹುದು. ಒಳಗಿನ ಸ್ವಭಾವಕ್ಕೆ ಧಕ್ಕೆಯಿಲ್ಲ, ಸಂಜೆ ತೆಗೆದರೆ ಮೊದಲಿನಂತೆಯೇ ಇರುತ್ತಾರೆ. ಅಳಿಯನಾಗುವವನನ್ನು ಎರಡು ದಿನ ಓಡಿಸಿ ನೋಡಿ, ಹಿಡಿಸಿದರೆ ಮಾತ್ರ ಮನೆಗೆ ಇಳಿಸಿಕೊಳ್ಳಬಹುದು. ನನಗಾದರೋ ಯಮುನ ಹತ್ತೇ ನಿಮಿಷ ಎದ್ದು ಕೂತರೆ ಸಾಕು. ಐದನೆಯ ಕೊಡೆ ನಾನು ಬಿಟ್ಟು ಬಂದದ್ದಲ್ಲ, ನೆನೆಯುತ್ತಿದ್ದ ಒಬ್ಬ ಮುದುಕಿಗೆ ಕೊಟ್ಟದ್ದು ಎಂದು ಅವಳಿಗೆ ಹೇಳಬೇಕಿತ್ತು.

ತಮ್ಮ ವಿಶ್ವಾಸಿ,
ಸಣ್ಣಸ್ವಾಮಿ

ಬಿಟ್ಟುಹೋದ ಮಾತು: ಪೆನ್ ಡ್ರೈವನ್ನು ನಂಬಿ ಕೂರುವಷ್ಟು ದಡ್ಡ ನಾನೀಗ ಅಲ್ಲ. ಮಳೆ, ಷರಾ ಎರಡನ್ನೂ ಕಾಗದದ ಮೇಲೆ ಪ್ರಿಂಟ್ ಹಾಕಿಸುತ್ತೇನೆ. ಅದು ಕೈಗೆ ಬಂದ ಮೇಲೆ ತಮ್ಮನ್ನು ನಂದೀಶನಿಗೆ ಒಪ್ಪಿಸುವ ವಿಚಾರದಲ್ಲಿ ನನ್ನದೇನೂ ಆಕ್ಷೇಪಣೆಯಿಲ್ಲ. ಜೆರಾಕ್ಸ್ ಅಂಗಡಿ ನಾಳೆ ಒಂಬತ್ತೂವರೆಗೆ ತೆರೆಯುತ್ತದೆ.